ಗೆದ್ದದ್ದು ನಾವು, ಗುಲಾಲು ಮಾಬುಸಾಬನಿಗೆ

ಹೊಸದಾಗಿ ದೈಹಿಕ ಶಿಕ್ಷಕರಾಗಿ ಸೇರುವ ಹುಡುಗರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು ಒಂದೇ ಮಾತು: "ಸರ್, ನಮ್ಮ ಡ್ಯೂಟಿ ಹೆಂಗಿರ್ತೈತ್ರಿ?" ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಧ್ವಜದ ಹಗ್ಗ ಸಿಕ್ಕಿಕೊಂಡರೆ ಬಿಡಿಸುವುದು, ಬಿಸಿಯೂಟದ ನೂಕುನುಗ್ಗಲು ತಡೆಯುವುದು, ಗಣಿತದ ಮಾಸ್ತರರು ರಜೆ ಹಾಕಿದ ದಿನ ಅವರ ವರ್ಗವನ್ನು ಸದ್ದಿಲ್ಲದೆ ಕೂಡಿಸುವುದು, ಇವೆಲ್ಲ ಸೇರಿದ ಮೊದಲ ವಾರದಲ್ಲೇ ತಾವಾಗಿ ಗೊತ್ತಾಗುತ್ತವೆ. ಯಾರೂ ಹೇಳದ ಸಂಗತಿಯೊಂದಿದೆ, ಅದನ್ನು ನಾನು ಹೇಳುತ್ತೇನೆ. ಈ ಕೆಲಸದಲ್ಲಿ ಹೊಟ್ಟೆಕಿಚ್ಚು ಬಹಳ. ಪಾಠದ ಮಾಸ್ತರರ ಸೋಲು ನಾಲ್ಕು ಗೋಡೆಯ ಒಳಗೆ ಮುಗಿದುಹೋಗುತ್ತದೆ. ನಮ್ಮ ಸೋಲನ್ನು ನಾವೇ ಸೀಟಿ ಊದಿ ಊರು ಕೂಡಿಸಿ ತೋರಿಸಬೇಕು. ಪಕ್ಕದ ಊರಿನ ಮಾಸ್ತರ ನಮಗಿಂತ ಚೆನ್ನಾಗಿ ಸೋತರೆ ಅದೂ ಎಲ್ಲರಿಗೂ ಕಾಣುತ್ತದೆ. ನನಗಂತೂ ಆ ಕಿಚ್ಚು ಇತ್ತು, ಈಗಲೂ ಇದೆ. ಅದರ ಹೆಸರು ಮಾಬುಸಾಬ.

ನಾನು ಬೆಟಗೇರಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಶಾಲೆ ಬಿಟ್ಟ ಮೇಲೆ ಊರ ತರುಣರ ತಂಡಕ್ಕೆ ಫುಟ್‌ಬಾಲ್ ಕಲಿಸುತ್ತಿದ್ದೆ. ಮಾಬುಸಾಬ ಲಕ್ಷ್ಮೇಶ್ವರದಲ್ಲಿ ಇದೇ ಕೆಲಸ ಮಾಡುತ್ತಿದ್ದ. ತರಬೇತಿ ಕಾಲೇಜಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದವರು. ಬೆಳಿಗ್ಗೆ ನಾನು ಮೈದಾನ ಸುತ್ತಿ ಬೆವತು ಬಂದರೆ ಅವನು ಇನ್ನೂ ಹೊದ್ದು ಮಲಗಿರುತ್ತಿದ್ದ. "ಪರಪ್ಪ, ನಂದೂ ಎರಡು ಸುತ್ತು ಹಾಕಿ ಬಾರಲೇ" ಎನ್ನುತ್ತಿದ್ದ. ಪರೀಕ್ಷೆಯಲ್ಲಿ ನನ್ನದು ಮೊದಲ ದರ್ಜೆ, ಅವನದು ಹೇಗೋ ಪಾಸು. ಪಾಸಾದ ಸುದ್ದಿ ಬಂದ ದಿನ ಹಾಸ್ಟೆಲಿನವರೆಲ್ಲ ಸೇರಿ ಹೆಗಲ ಮೇಲೆ ಹೊತ್ತು ಕುಣಿಸಿದ್ದು ಯಾರನ್ನು ಎಂದು ಬೇರೆ ಹೇಳಬೇಕಿಲ್ಲ.

ನಮ್ಮ ಕಡೆಯ ಪ್ರೇಕ್ಷಕರ ಬಗ್ಗೆ ನಿಮಗೆ ಮೊದಲೇ ಎಚ್ಚರಿಸಬೇಕು. ಇವರು ಕುಸ್ತಿ ನೋಡಿ ಬೆಳೆದ ಮಂದಿ. ಇಬ್ಬರು ಇಳಿದ ಮೇಲೆ ಒಬ್ಬನ ಬೆನ್ನಿಗೆ ಮಣ್ಣು ಹತ್ತಲೇಬೇಕು. ಸೊನ್ನೆ-ಸೊನ್ನೆ ಎನ್ನುವುದು ಅವರ ಪಾಲಿಗೆ ಮೋಸ. ನೀಲಪ್ಪಜ್ಜ ಎಂಬ ಹಿರಿಯ ನೇಕಾರರೊಬ್ಬರು ನಮ್ಮ ಒಂದು ಪಂದ್ಯವನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಪಂದ್ಯ ಮುಗಿದ ಮೇಲೆ ನನ್ನನ್ನು ನಿಲ್ಲಿಸಿ ಕೇಳಿದರು.

"ಯಾಂವ ಗೆದ್ದಾ ಮಾಸ್ತರ?"

"ಸಮ ಆತ್ರಿ ಅಜ್ಜಾರ."

"ಸಮ ಆಗಾಕ ಇಷ್ಟೊತ್ತು ಬಿಸಲಾಗ ಕುಂತ್ನೇನು? ಮನ್ಯಾಗ ಕುಂತಿದ್ರೂ ಸಮನ ಇರ್ತಿತ್ತಲ್ಲೋ!"

ಆ ಸಮಬಲವನ್ನು ಸಾಧಿಸಲು ನಾನು ಪಟ್ಟ ಪಾಡು ಅವರಿಗೆ ಹೇಗೆ ಗೊತ್ತಾಗಬೇಕು? ನನ್ನ ಹುಡುಗರಲ್ಲಿ ಹೆಚ್ಚಿನವರು ಮಗ್ಗದ ಮುಂದೆ ದಿನವಿಡೀ ನಿಂತು ಬರುವವರು. ಓಡುವುದಕ್ಕೆ ಅವರಲ್ಲಿ ಉಸಿರು ಇರುತ್ತಿರಲಿಲ್ಲ. ಆದರೆ ನಿಲ್ಲು ಎಂದರೆ ನಿಲ್ಲುತ್ತಿದ್ದರು. ಎಳೆ ಹರಿಯುವುದನ್ನು ಕಾಯುವ ಕಣ್ಣು ಅವರದು, ಚೆಂಡು ಎಲ್ಲಿಗೆ ಬರುತ್ತದೆ ಎಂಬುದು ಮೊದಲೇ ತಿಳಿಯುತ್ತಿತ್ತು. ಅದನ್ನೇ ನಾನು ಆಟ ಮಾಡಿದೆ. ಐವರು ಹಿಂದೆ, ಅವರ ಮುಂದೆ ಮೂವರು, ಮುಂದಿನ ಇಬ್ಬರೂ ಅರ್ಧ ಹಿಂದೆಯೇ. ನಮ್ಮ ಮೇಲೆ ಗೋಲು ಹೊಡೆಯುವುದೆಂದರೆ ಎದುರಾಳಿಗೆ ಕಬ್ಬಿಣದ ಕಡಲೆ. ಈ ಜಾಣತನವನ್ನು ನಮ್ಮ ಮಂದಿ ಹೊಗಳಿದ ರೀತಿ ಹೀಗಿತ್ತು: "ಏ ಸೀಟಿ ಮಾಸ್ತರ! ಗ್ವಾಡಿ ಕಟ್ಟಿದ್ದು ಸಾಕು, ಬಾಗಲಾ ಯಾವಾಗ ಇಡ್ತಿ?" ಬೀದಿಯಲ್ಲಿ ಸಿಕ್ಕರೆ ನಮಸ್ಕಾರ ಹೇಳುವವರೇ ಮೈದಾನದಲ್ಲಿ ಏಕವಚನಕ್ಕೆ ಇಳಿಯುತ್ತಿದ್ದರು. ಅದಕ್ಕೆ ನನಗೆ ಬೇಸರವಿರಲಿಲ್ಲ. ಬೇಸರ ಇದ್ದದ್ದು ಹೆಸರಿನದು. ನನಗೆ ಪರಪ್ಪ ಎಂಬ ಹೆಸರಿದೆ ಎಂಬುದು ಆ ಗದ್ದಲದಲ್ಲಿ ಯಾರಿಗೂ ನೆನಪಿರುತ್ತಿರಲಿಲ್ಲ. ಒಮ್ಮೆಯಾದರೂ ಜನ ನನ್ನ ಹೆಸರು ಹಿಡಿದು ಕೂಗಬೇಕು ಎಂಬ ಆಸೆ ನನ್ನೊಳಗೆ ಕೂತಿತ್ತು. ಮಾಬುಸಾಬನ ಹೆಸರನ್ನಂತೂ ಹಾಡಿನ ಹಾಗೆ ಕೂಗುತ್ತಿದ್ದರು.

ಅವನ ತಂತ್ರ ಏನು ಎಂದು ಕೇಳುತ್ತೀರಿ. ತಂತ್ರವೇ ಇರಲಿಲ್ಲ. ಸೀಟಿ ಊದಿದ ಕೂಡಲೇ ಹನ್ನೊಂದು ಮಂದಿಯೂ ಮುಂದಕ್ಕೆ ನುಗ್ಗುವುದು. ಗೋಲ್‌ಕೀಪರ್ ಕೂಡ ನಡುಗೆರೆಯ ತನಕ ಬಂದು ನಿಂತು ನೋಡುತ್ತಿದ್ದ. ಮೂರು ಹೊಡೆದು ಐದು ಬಿಡುತ್ತಿದ್ದರು, ನಾಲ್ಕು ಹೊಡೆದು ಆರು ಬಿಡುತ್ತಿದ್ದರು. ಶಿರಹಟ್ಟಿಯ ಒಂದು ಪಂದ್ಯಾವಳಿಯಲ್ಲಿ ಹೀಗೆಯೇ ಸೋತು ಮೊದಲ ಸುತ್ತಿನಲ್ಲೇ ಹೊರಬಿದ್ದರು. ಅದೇ ದಿನ ನನ್ನ ತಂಡ ಒಂದೂ ಗೋಲು ಬಿಡದೆ ಮುಂದಿನ ಸುತ್ತಿಗೆ ಹೋಯಿತು. ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಬಂದು ನೋಡಿದರೆ ಸೋತ ಮಾಬುಸಾಬನ ಸುತ್ತ ಜಾತ್ರೆ. ಒಬ್ಬ ಮಿರ್ಚಿ ತಂದಿಡುತ್ತಿದ್ದಾನೆ, ಇನ್ನೊಬ್ಬ ಚಹಾ.

"ಬಾರೋ ಪರಪ್ಪ, ಗಿರಮಿಟ್ ತಿನ್ನು" ಎಂದು ಅವನು ಕೂಗಿ ಕರೆದ.

ಹೋಗಿ ಕುಳಿತೆ. ಅವನ ಮುಂದಿದ್ದ ತಟ್ಟೆಯಿಂದಲೇ ತಿಂದೆ. ಉಪ್ಪು ಜಾಸ್ತಿಯಾಗಿದೆ ಎಂದು ಹೇಳಿದೆ. ಆಗಿರಲಿಲ್ಲ.

ನಮ್ಮ ಹೆಡ್‌ಮಾಸ್ತರರೊಬ್ಬರಿಗೆ ಆಟದ ಗಂಧಗಾಳಿ ಇರಲಿಲ್ಲ. ಆದರೆ ಮಂದಿ ಎಲ್ಲಿ ಕೂಡುತ್ತಾರೆ ಎಂಬುದರ ಮೇಲೆ ಕಣ್ಣಿತ್ತು. ಒಂದು ದಿನ ಕರೆಸಿ, "ಪರಪ್ಪನವ್ರ, ನಿಮ್ಮ ಆಟ ನೋಡಾಕ ಬಂದವ್ರು ಆಕಳಿಸ್ತಾರಂತಲ್ರೀ? ಲಕ್ಷ್ಮೇಶ್ವರದಾಗ ಗಿಡಾ ಹತ್ತಿ ನೋಡ್ತಾರಂತ. ಒಮ್ಮೆ ಹೋಗಿ ಅವರ ಕಡಿ ಸ್ವಲ್ಪ ಕೇಳ್ಕೊಂಡ ಬರ್ರಿ" ಎಂದರು. ಮೊದಲ ದರ್ಜೆಯವನು ಹೇಗೋ ಪಾಸಾದವನ ಹತ್ತಿರ ಕಲಿಯಲು ಹೋಗಬೇಕು! ಮೇಲಿನವರ ಮಾತು, ಹೋದೆ. ಮಾಬುಸಾಬನ ಹುಡುಗರು ಬೇವಿನ ಗಿಡದ ಕೆಳಗೆ ಕುಳಿತು ಅವನು ಹೇಳುವ ಕತೆಗೆ ಬಿದ್ದುಬಿದ್ದು ನಗುತ್ತಿದ್ದರು. ಅಭ್ಯಾಸ ಯಾವಾಗ ಎಂದು ಕೇಳಿದೆ. "ಇದ ಅಭ್ಯಾಸಪಾ" ಎಂದ. ನಿನ್ನ ಯೋಜನೆ ಏನು ಎಂದೆ. "ಚೆಂಡು ಮುಂದ ಹೋಗ್ಬೇಕು. ಅಷ್ಟ." ತಿರುಗಿ ಬಂದ ಮೇಲೆ ಹೆಡ್‌ಮಾಸ್ತರರು ಏನು ಕಲಿತಿರಿ ಎಂದು ಕೇಳಿದರು. "ಅಲ್ಲಿ ಕುಡಿಯೂ ನೀರು ಛಲೋ ಐತ್ರಿ" ಎಂದೆ.

ಆದರೂ ಅವನಿಂದ ಒಂದನ್ನು ಕದಿಯಲು ನೋಡಿದೆ. ನಮ್ಮ ಕಡೆಯ ಪಂದ್ಯಗಳಲ್ಲಿ ಮೈಕಿನವನ ಕಾರುಬಾರು ದೊಡ್ಡದು. ಆಟ ನಡೆದಿರುವಾಗಲೇ ಯಾರೋ ಒಬ್ಬರು ಅವನ ಕಿವಿಯಲ್ಲಿ ಹೇಳುತ್ತಾರೆ, ಅವನು ಕೂಗುತ್ತಾನೆ: "ಈಗ ಗೋಲು ಹೊಡದಾಂವಗ ಒಂದು ಟಗರು!" ಆ ಟಗರಿನ ಆಸೆಗೆ ಮಾಬುಸಾಬನ ಹುಡುಗರು ರೆಕ್ಕೆ ಬಂದವರಂತೆ ಓಡುತ್ತಿದ್ದರು. ಗೆದ್ದ ಟಗರನ್ನು ಆಮೇಲೆ ಊರೇ ಕೂಡಿ ಉಣ್ಣುತ್ತಿತ್ತು. ನಾನು ಯೋಚಿಸಿದೆ: ಹೊಡೆಯುವವನಿಗೆ ಟಗರಾದರೆ ಬಿಡದವನಿಗೂ ಏನಾದರೂ ಇರಬೇಡವೇ? ಮನೆಯಲ್ಲಿದ್ದ ಹೊಸ ಕರಿ ಕಂಬಳಿಯನ್ನು ಒಯ್ದು ಮೈಕಿನವನ ಮುಂದಿಟ್ಟೆ. "ಒಂದೂ ಗೋಲು ಬಿಡದ ಗೋಲ್‌ಕೀಪರಗ ಕರಿ ಕಂಬಳಿ!" ಎಂದು ಅವನು ಕೂಗಿದಾಗ ಜನ ನಕ್ಕಿದ್ದೇ ನಕ್ಕಿದ್ದು.

ನನ್ನ ಗೋಲ್‌ಕೀಪರ್ ಕೊರ್ಲಹಳ್ಳಿಯ ಹನುಮಂತ. ಹೊಳೆಯಲ್ಲಿ ಈಜಿ ಬೆಳೆದವನು, ಉದ್ದನೆಯ ತೋಳು. ಅಲ್ಲಿಯ ತನಕ ಗೋಡೆಯ ಹಿಂದೆ ಸುಮ್ಮನೆ ನಿಲ್ಲುತ್ತಿದ್ದವನಿಗೆ ಕಂಬಳಿ ಕಂಡದ್ದೇ ತಡ, ಯಾರ ಮೇಲೂ ನಂಬಿಕೆ ಉಳಿಯಲಿಲ್ಲ. ಪ್ರತಿ ಚೆಂಡಿಗೂ ತಾನೇ ಓಡಿ ಬರತೊಡಗಿದ. ನಮ್ಮವನೇ ಚೆಂಡು ತಡೆಯಲು ಹೋದರೆ ಅವನನ್ನೇ ನೂಕಿ, "ಸರಕೋಲೇ, ಕಂಬಳಿ ನಂದೈತಿ!" ಎಂದು ಜಗಳ ತೆಗೆದ. ಇವರಿಬ್ಬರೂ ಹೀಗೆ ಗುದ್ದಾಡುತ್ತಿರುವಾಗ ಎದುರಿನವನು ದೂರದಿಂದಲೇ ಖಾಲಿ ಗೋಲಿಗೆ ಚೆಂಡು ಒದ್ದ. ಇಡೀ ವರ್ಷದ ನಮ್ಮ ಗೋಡೆ ಒಂದು ಕಂಬಳಿಗೆ ಬಿತ್ತು. ಕಂಬಳಿಯನ್ನು ತಿರುಗಿ ಮನೆಗೆ ತಂದೆ. ನನ್ನ ಹೆಂಡತಿ ಗಂಗವ್ವ ಅದನ್ನು ಹೊದ್ದು, "ಹನುಮಂತನ ಹಡದವ್ವನ ಹೊಟ್ಟಿ ತಣ್ಣಗಿರಲಿ, ಗೋಲು ಬಿಟ್ಟು ನಮಗ ಬೆಚ್ಚಗ ಮಾಡಿದಾ" ಎಂದಳು. ಈ ಕತೆ ಲಕ್ಷ್ಮೇಶ್ವರಕ್ಕೆ ಹೇಗೆ ಮುಟ್ಟಿತೋ ಕಾಣೆ, ಮುಂದಿನ ಸಲ ಸಿಕ್ಕಾಗ ಮಾಬುಸಾಬ ಕೇಳಿದ ಮೊದಲ ಮಾತೇ, "ಥಂಡಿ ಹೆಂಗೈತೋ ಪರಪ್ಪ?"

ಇಷ್ಟರ ನಡುವೆ ನಾವೂ ಒಮ್ಮೆ ಗೆದ್ದೆವು. ಮುಂಡರಗಿ ಪಂದ್ಯಾವಳಿಯ ಕಪ್. ಫೈನಲಿನಲ್ಲಿ ನಮ್ಮೆದುರು ಹೊಳೆಯಾಚೆಯಿಂದ ಬಂದ ಬಲವಾದ ತಂಡ. ಮಾಬುಸಾಬನ ತಂಡ ಎಂದಿನಂತೆ ಮೊದಲೇ ಮನೆಗೆ ಹೋಗಿತ್ತು. ಆದರೆ ಮಾತುಗಾರನಲ್ಲವೇ, ಮೈಕು ಹಿಡಿಯಲು ಸಂಘಟಕರು ಅವನನ್ನು ಉಳಿಸಿಕೊಂಡಿದ್ದರು. ಆ ದಿನ ನನ್ನ ಹುಡುಗರು ನಿಂತ ರೀತಿಯನ್ನು ಈಗ ನೆನೆದರೂ ಎದೆ ಉಬ್ಬುತ್ತದೆ. ಹನುಮಂತನ ತನಕ ಚೆಂಡು ಹೋಗಿದ್ದೇ ಅಪರೂಪ. ಆಟ ಮುಗಿಯುವ ಹೊತ್ತಿಗೆ ಬೇಸತ್ತ ಎದುರಾಳಿಗಳ ದಪ್ಪ ಡಿಫೆಂಡರ್ ಒಬ್ಬ ಹಿಂದೆ ನೋಡದೆ ತನ್ನ ಗೋಲ್‌ಕೀಪರಿಗೆ ಚೆಂಡು ಒದ್ದ. ಗೋಲ್‌ಕೀಪರ್ ಮುಂದೆ ಬಂದಿದ್ದ. ಚೆಂಡು ಉರುಳುತ್ತ ಹೋಗಿ ಅವರದೇ ಗೋಲಿನಲ್ಲಿ ಬಿತ್ತು. ಒಂದು-ಸೊನ್ನೆ. ನಾವು ಗೆದ್ದೆವು.

ಬೆಟಗೇರಿಯ ಮಂದಿ ಗುಲಾಲಿನ ಚೀಲ ಹಿಡಿದು ಹಲಗಿ ಬಾರಿಸುತ್ತ ಮೈದಾನಕ್ಕೆ ನುಗ್ಗಿದರು. ಮೊದಲ ಗುಲಾಲು ಗೋಲು ಹೊಡೆದವನಿಗೆ, ಅವನನ್ನೇ ಹೊರುವುದು, ನಮ್ಮ ಕಡೆಯ ರೂಢಿ ಅದು. ಬಂದವರು ನಡುವೆ ನಿಂತುಬಿಟ್ಟರು.

"ಯಾಂವಲೇ ಹೊಡದಾಂವ?"

"ಯಾರೂ ಇಲ್ಲ. ಅವರಿಗವರ ಹೊಡಕೊಂಡಾರ."

"ಹಂಗಾದ್ರ ಯಾರನ್ನ ಹೊರೂದು?"

ಗೋಲು ಹೊಡೆದ ಆ ದಪ್ಪ ಹುಡುಗ ತಲೆಗೆ ಕೈ ಹೊತ್ತು ಅಳುತ್ತ ಕುಳಿತಿದ್ದ, ಅವನನ್ನು ಹೊರುವ ಹಾಗಿರಲಿಲ್ಲ. ನಾನು ಅಲ್ಲೇ ಇದ್ದೆ, ಅವರಿಂದ ನಾಲ್ಕು ಹೆಜ್ಜೆಗೆ. ಮುಖದ ಮೇಲೆ ನಗು ತಂದುಕೊಂಡು, ಹೊರುವವರಿಗೆ ಅನುಕೂಲವಾಗಲಿ ಎಂದು ಕಿಸೆಯಿಂದ ಪೆನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಅಷ್ಟರಲ್ಲಿ ಮೈಕಿನಲ್ಲಿ ಮಾಬುಸಾಬ, "ಬೆಟಗೇರಿ ಗೆದ್ದೈತಿ! ಬೆಟಗೇರಿ ಗೆದ್ದೈತಿ!" ಎಂದು ಗಂಟಲು ಹರಿದುಕೊಂಡ. ಅಷ್ಟೇ ಸಾಕಾಯಿತು. ಗುಂಪು ನನ್ನನ್ನು ದಾಟಿ ಮೈಕಿನ ಕಡೆ ಓಡಿತು. ಅವನನ್ನು ಎತ್ತಿ ಚೀಲಗಟ್ಟಲೆ ಗುಲಾಲು ಸುರಿದರು. ಅವನು ಮೇಲಿನಿಂದ ನನ್ನ ಕಡೆ ಕೈ ಮಾಡಿ ಏನೋ ಕೂಗುತ್ತಿದ್ದ, ಹಲಗಿಯ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಮನೆಗೆ ಬಂದಾಗ ಗಂಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೆದ್ದೀರಿ ಅಂತ ಖಬರ ಬಂದಿತ್ತು. ಅಂಗಿ ಹಂಗ ಬೆಳ್ಳಗ ಐತೆಲ್ಲ?" ಎಂದಳು. ಹುಡುಗರೇ, ನಿಮಗೆ ಸುಳ್ಳು ಹೇಳುವುದಿಲ್ಲ, ಆ ಬಿಳಿ ಅಂಗಿಯನ್ನು ಕಳಚುವಾಗ ನನಗೆ ಅಳು ಬಂದಿತ್ತು.

ಈಗ ಕೆಲಸದ ರೀತಿಯೇ ಬದಲಾಗಿದೆ. ಸುಣ್ಣದ ಪುಡಿಯಲ್ಲಿ ಕೈಯಾರೆ ಗೆರೆ ಎಳೆದವರು ನಾವು, ಈಗಿನವರು ಬಣ್ಣಬಣ್ಣದ ಪ್ಲಾಸ್ಟಿಕ್ ಟೋಪಿಗಳನ್ನು ಸಾಲಾಗಿ ಇಟ್ಟು ಹುಡುಗರನ್ನು ಓಡಿಸುತ್ತಾರೆ. ಪಂದ್ಯವನ್ನು ಮೊಬೈಲಿನಲ್ಲಿ ಹಿಡಿದು ಮತ್ತೆ ಮತ್ತೆ ನೋಡಿ ತಪ್ಪು ಹುಡುಕುತ್ತಾರೆ. ಬೈಯುವವರೂ ಮನೆಯಿಂದಲೇ ವಾಟ್ಸಾಪಿನಲ್ಲಿ ಬೈಯುತ್ತಾರೆ. ಬೆಟಗೇರಿ ತಂಡವನ್ನು ಈಗ ನನ್ನ ಶಿಷ್ಯ ಪ್ರವೀಣ ನೋಡಿಕೊಳ್ಳುತ್ತಾನೆ. ಓದಿಕೊಂಡ ಹುಡುಗ, ಶಿಸ್ತಿನವನು. ಅವನ ಪದ್ಧತಿಯಲ್ಲಿ ಚೆಂಡನ್ನು ಸುಮ್ಮನೆ ಮುಂದೆ ಒದೆಯುವಂತಿಲ್ಲ. ಗೋಲ್‌ಕೀಪರಿನಿಂದ ಶುರುವಾಗಿ ಸಣ್ಣ ಸಣ್ಣ ಪಾಸಿನಲ್ಲಿ ಮೇಲೆ ಬರಬೇಕು, ದಾರಿ ಸಿಗದಿದ್ದರೆ ಮತ್ತೆ ಹಿಂದಕ್ಕೆ. ಟಿ.ವಿ.ಯಲ್ಲಿ ಕಾಣುವ ಹಸಿರು ಹುಲ್ಲಿನ ಮೇಲೆ ಅದು ಸುಂದರ. ನಮ್ಮ ಗರಸು-ಕಲ್ಲಿನ ಮೈದಾನದಲ್ಲಿ ಚೆಂಡು ತನಗೆ ತೋಚಿದ ಕಡೆ ಪುಟಿಯುತ್ತದೆ. ಜನ ಹೌಹಾರಿದ್ದಾರೆ. ಈ ಹಂಗಾಮಿನಲ್ಲಿ ತಂಡ ಸೋಲುತ್ತಲೇ ಇದೆ.

ಮಾಬುಸಾಬನೂ ನಿವೃತ್ತನಾದ. ಆದವನು ಲಕ್ಷ್ಮೇಶ್ವರದಲ್ಲೇ ಇರಬಾರದೇ? ಮಗಳ ಮನೆ ಬೆಟಗೇರಿಯಲ್ಲಿದೆ ಎಂದು ಇಲ್ಲಿಗೇ ಬಂದ. ಪ್ರತಿ ಪಂದ್ಯಕ್ಕೂ ನನ್ನನ್ನು ಕರೆದುಕೊಂಡು ಹೋಗಿ ಮೈದಾನದ ಕಟ್ಟೆಯ ಮೇಲೆ ಪಕ್ಕಕ್ಕೇ ಕೂಡುತ್ತಾನೆ. ಎಲೆ ಅಡಿಕೆಯಲ್ಲಿ ಅರ್ಧ ಕೊಡುತ್ತಾನೆ. ಇಂಥವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ ಎಂದು ನಿಮಗೆ ಗೊತ್ತಿಲ್ಲ.

ಮೊನ್ನೆ ಭಾನುವಾರ ಹೀಗೇ ಕುಳಿತಿದ್ದೆವು. ಹಾಫ್ ಟೈಮಿನಲ್ಲಿ ಡಂಬಳದ ಕಡೆಯ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬರು ನಮ್ಮನ್ನು ನೋಡಿ ಓಡಿ ಬಂದು ಮಾಬುಸಾಬನ ಕಾಲು ಮುಟ್ಟಿದರು.

"ಮುಂಡರಗ್ಯಾಗ ಬೆಟಗೇರಿಗೆ ಕಪ್ ಗೆಲ್ಲಿಸಿ ಕೊಟ್ಟ ಮಾಸ್ತರ ನೀವ ಅಲ್ರೀ? ನನ್ನ ಕೈಯಾರೆ ಗುಲಾಲ ಹಾಕಿನ್ರಿ ನಿಮಗ!"

ಮಾಬುಸಾಬ ಗಾಬರಿಯಾಗಿ ನನ್ನ ತೊಡೆ ತಟ್ಟಿದ. "ಏ ಅದು ನಂದಲ್ಲಪಾ. ಆ ತಂಡ ಕಟ್ಟಿದವ್ರು ಇವ್ರು, ನಮ್ಮ ಪರಪ್ಪ ಮಾಸ್ತರ. ನಾ ಬರೇ ಮೈಕ್ ಹಿಡದಿದ್ದೆ."

ವ್ಯಾಪಾರಿ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಕಣ್ಣು ತುಂಬಿಕೊಂಡು ಅವನ ಕಡೆಗೇ ತಿರುಗಿದರು. "ದೊಡ್ಡವರ ದೊಡ್ಡಗುಣ ಅಂದ್ರ ಇದ ನೋಡ್ರಿ. ತಾವು ಮಾಡಿದ್ದನ್ನ ಬಾಜೂಕ ಕುಂತವ್ರ ಹೆಸರಿಗೆ ಹಚ್ಚಾಕತ್ತೀರಿ. ಈಗಿನ ಕಾಲದಾಗ ಯಾರದಾರ್ರೀ ಹಿಂಥವ್ರು?" ಎಂದು ಇನ್ನೊಮ್ಮೆ ಕಾಲು ಮುಟ್ಟಿ ಹೋದರು. ಮಾಬುಸಾಬ ನನ್ನ ಮುಖ ನೋಡಲಾರದೆ ಎಲೆಗೆ ಸುಣ್ಣ ಹಚ್ಚುತ್ತ ಕುಳಿತ. ಅಂದು ಬರೇ ಮೈಕಿನಲ್ಲಿ ಕೂಗಿದ್ದಕ್ಕೂ ಗುಲಾಲು ಅವನಿಗೆ, ಇಂದು ಖರೆ ಹೇಳಿದ್ದಕ್ಕೂ ಹೊಗಳಿಕೆ ಅವನಿಗೆ. ನನ್ನ ಮೈ ಅಡಿಯಿಂದ ಮುಡಿಯ ತನಕ ಉರಿಯಿತು.

ಎರಡನೇ ಅರ್ಧ ಮುಗಿಯುವ ಹೊತ್ತಿಗೆ ಆಗಬೇಕಾದದ್ದು ಆಯಿತು. ನಮ್ಮ ಡಿಫೆಂಡರ್ ಪ್ರವೀಣನ ಪಾಠದಂತೆ ಗೋಲ್‌ಕೀಪರಿಗೆ ಚೆಂಡು ಹಿಂದಕ್ಕೆ ಕೊಟ್ಟ. ಚೆಂಡು ಗರಸಿನ ಕಲ್ಲಿಗೆ ಬಡಿದು ಪುಟಿಯಿತು, ಎದುರಾಳಿ ಓಡಿ ಬಂದು ಗೋಲಿಗೆ ತಳ್ಳಿದ. ಸೀಟಿ ಊದಿದ ಕೂಡಲೇ ಜನ ಪ್ರವೀಣನನ್ನು ಸುತ್ತುವರಿದರು. ಕೈ ಮಾಡುವ ಮಂದಿಯಲ್ಲ ಅವರು, ಆದರೆ ಬಾಯಿಗೆ ತಡೆ ಇರಲಿಲ್ಲ.

"ನಮ್ಮ ಗೋಲು ಹಿಂದೈತೋ ಮುಂದೈತೋ? ಹುಡುಗ್ರಿಗೆ ಮೊದಲ ಅದನ್ನ ಹೇಳಿಕೊಡು!"

"ಆಕಳಾ ಹಿಂದಕ್ಕ ಒದೀತಾವ, ಆಟಗಾರ್ರು ಮುಂದಕ್ಕ ಒದೀಬೇಕಪಾ!"

"ಯಾಕ ಹಂಗ ಆಡಸ್ತಿ? ಉತ್ತರ ಹೇಳಿ ಹೋಗು!"

ಪ್ರವೀಣ ತಲೆ ತಗ್ಗಿಸಿ ನಿಂತಿದ್ದ. "ಪಾಪ, ಹುಡುಗ ಕುಗ್ಗಿಹೋಗ್ಯಾನ" ಎಂದ ಮಾಬುಸಾಬ. ನನಗೆ ಪಾಪ ಎನಿಸಲಿಲ್ಲ. ಉಣ್ಣುವ ಹೊತ್ತು ಮೀರಿದ್ದರೂ ಒಬ್ಬನೂ ಮನೆಯ ಕಡೆ ಹೆಜ್ಜೆ ಇಟ್ಟಿರಲಿಲ್ಲ. ಅಷ್ಟು ಮಂದಿಗೂ ಆ ಒಬ್ಬ ಹುಡುಗನ ಬಾಯಿಂದ ಉತ್ತರ ಬೇಕಾಗಿತ್ತು. ನಾನು ನಿವೃತ್ತನಾದ ಮೇಲೆ ಯಾರೂ ನನ್ನನ್ನು ಏನನ್ನೂ ಕೇಳಿಲ್ಲ, ಯಾರೂ ಬೈದಿಲ್ಲ. ಬೀದಿಯಲ್ಲಿ ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ. ನನ್ನ ಆಯುಷ್ಯದ ಹೊಟ್ಟೆಕಿಚ್ಚೆಲ್ಲ ಆ ಗಳಿಗೆಯಲ್ಲಿ ಮಾಬುಸಾಬನನ್ನು ಬಿಟ್ಟು ಪ್ರವೀಣನ ಮೇಲೆ ಹೋಗಿ ಕುಳಿತಿತು.

ಎದ್ದು ಹೋದೆ. ಗುಂಪನ್ನು ಸರಿಸಿ ನಡುವೆ ನಿಂತು ಗಟ್ಟಿಯಾಗಿ ಹೇಳಿದೆ:

"ಅವನ್ನ ಯಾಕ ಕೇಳ್ತೀರಿ? ಚೆಂಡು ಹಿಂದಕ್ಕ ಕೊಡಸು ಅಂತ ಹೇಳಿದಾಂವ ನಾನು!"

ಅಪ್ಪಟ ಸುಳ್ಳು. ಆ ಪದ್ಧತಿಗೂ ನನಗೂ ಸಂಬಂಧವಿಲ್ಲ. ಪ್ರವೀಣ ಬಾಯಿ ತೆರೆದು ನನ್ನನ್ನೇ ನೋಡಿದ. ಆಮೇಲೆ ಹಿಂದಿನಿಂದ ಹಳೆಯ ದನಿಯೊಂದು ಎದ್ದಿತು.

"ಏ, ಪರಪ್ಪ ಮಾಸ್ತರ! ರಿಟೈರ್ ಆದ್ರೂ ನಮ್ಮನ್ನ ಬಿಡವಲ್ರೆಲ್ಲೋ ಇವರು!"

"ಅದಕ್ಕ ಮತ್ತ! ಪರಪ್ಪ ಮಾಸ್ತರ ತಲಿ ಇಲ್ಲದ ಹಿಂತಾ ಆಟ ಬರೂದಿಲ್ಲ ಬಿಡು!"

"ಪರಪ್ಪ ಮಾಸ್ತರ, ನಿಮ್ಮ ಕಾಲದಾಗ ಒಂದು ಗೋಲು ನೋಡಾಕ ಜೀವ ಹೋಗ್ತಿತ್ತು, ಈಗೂ ಹಂಗ ಮಾಡಿದ್ರಿ!"

ಡಂಬಳದ ವ್ಯಾಪಾರಿಯೂ ಮುಂದೆ ನುಗ್ಗಿ ಬಂದರು. "ಮಾಬುಸಾಬ ಮಾಸ್ತರ ಬಾಜೂಕ ಕುಂತೂ ಏನೂ ಕಲೀಲಿಲ್ಲೇನ್ರಿ ಪರಪ್ಪ ಮಾಸ್ತರ?"

ಪ್ರವೀಣ ಆ ಸಂದಿಯಲ್ಲಿ ಹೊರಗೆ ಜಾರಿದ. ಹೋಗುವಾಗ ದೂರದಿಂದ ನನಗೆ ಎರಡೂ ಕೈ ಮುಗಿದ. ಗುರುಗಳು ತನ್ನ ಮಾನ ಉಳಿಸಿದರು ಎಂದು ಈಗಲೂ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ, ನಾನು ತಿದ್ದಲು ಹೋಗಿಲ್ಲ. ನಾನು ಅಲ್ಲಿಂದ ಬೇಗ ಹೊರಡಲಿಲ್ಲ. ಒಬ್ಬೊಬ್ಬರಿಗೂ ಉತ್ತರ ಕೊಟ್ಟೆ, ಎದುರು ವಾದಿಸಿದೆ, ಎರಡು ಮಾತು ಹೆಚ್ಚೇ ಬೈಸಿಕೊಂಡೆ. ಪರಪ್ಪ ಮಾಸ್ತರ, ಪರಪ್ಪ ಮಾಸ್ತರ ಎಂದು ನಾಲ್ಕೂ ಕಡೆಯಿಂದ ಕೂಗುತ್ತಿದ್ದರು. ನಡುವೆ ಒಮ್ಮೆ ಕತ್ತು ಎತ್ತಿ ಕಟ್ಟೆಯ ಕಡೆ ನೋಡಿದೆ. ಮಾಬುಸಾಬ ಒಬ್ಬನೇ ಕುಳಿತಿದ್ದ. ಅವನನ್ನು ಯಾರೂ ಕೇಳುವವರಿರಲಿಲ್ಲ.